ಮೂರು ಕೊಪೆಕ್ ನಾಣ್ಯ, ಕಳೆದುಹೋದ ಹದಿನಾರನೇ ಪಟ್ಟಿ

ಪ್ರಶ್ನೆ: ನಮ್ಮ ತಾತ ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಟ್ರಂಕಿನಲ್ಲಿ ಎರಡು ರಷ್ಯನ್ ನಾಣ್ಯ ಸಿಕ್ಕಿವೆ. ಎರಡೂ 3 ಕೊಪೆಕ್. ಒಂದು 1955ರದ್ದು, ಇನ್ನೊಂದು 1961ರದ್ದು. ಎರಡರ ಮೇಲೂ ಭೂಮಿ, ಕುಡುಗೋಲು, ಸುತ್ತಿಗೆ, ಅಕ್ಕಪಕ್ಕ ತೆನೆ ಇರುವ ಲಾಂಛನ ಇದೆ. ನನ್ನ ಮಗಳು ಭೂತಗನ್ನಡಿ ಹಿಡಿದು ತೆನೆಗೆ ಸುತ್ತಿದ ಪಟ್ಟಿಗಳನ್ನು ಎಣಿಸಿದಳು. ಹಳೆಯದರಲ್ಲಿ 16, ಹೊಸದರಲ್ಲಿ 15. ಎರಡರಲ್ಲಿ ಒಂದು ನಕಲಿಯೇ? ಆ ಚಿತ್ರದಲ್ಲಿ ಇರೋದೆಲ್ಲ ಏನು, ಸ್ವಲ್ಪ ಬಿಡಿಸಿ ಹೇಳ್ತೀರಾ?
ಓದುಗರು, ಶಿವಮೊಗ್ಗ

ಉತ್ತರ: ಮೊದಲು ಮಗಳಿಗೆ ಶಹಬ್ಬಾಸ್ ಹೇಳಿಬಿಡಿ. ಹಳೇ ನಾಣ್ಯ ಸಿಕ್ಕವರು ನನ್ನನ್ನು ಕೇಳೋದು ಒಂದೇ ಪ್ರಶ್ನೆ, "ಎಷ್ಟು ಬರುತ್ತೆ ಸಾರ್?" ಪಟ್ಟಿ ಎಣಿಸಿ ಬರೆದವರು ನನಗೆ ನೆನಪಿರುವಂತೆ ಇವರೊಬ್ಬರೇ. ಅದೂ ಲೆಕ್ಕ ತಪ್ಪದೆ! ನಾನು ಮೊದಲ ಸಲ ಎಣಿಸಿದಾಗ ಹದಿನಾಲ್ಕು ಬಂದಿತ್ತು. ತಳದಲ್ಲಿ ಎರಡೂ ತೆನೆಗಳನ್ನು ಸೇರಿಸಿ ಕಟ್ಟಿದ ಪಟ್ಟಿಯನ್ನೇ ಬಿಟ್ಟಿದ್ದೆ.

ನಕಲಿ ಅನ್ನೋಕೆ ಕಾರಣ ಇಲ್ಲ. ನಿಜ ಹೇಳಬೇಕೆಂದರೆ, ಎರಡರಲ್ಲೂ ಪಟ್ಟಿಗಳ ಲೆಕ್ಕ ಒಂದೇ ಆಗಿದ್ದರೆ ಆಗ ಅನುಮಾನ ಪಡಬೇಕಿತ್ತು. 1948ರಿಂದ 1956ರವರೆಗಿನ ಸೋವಿಯತ್ ನಾಣ್ಯಗಳಲ್ಲಿ 16 ಪಟ್ಟಿ ಇರುತ್ತವೆ. ಒಂದು ಪಕ್ಕ 8, ಇನ್ನೊಂದು ಪಕ್ಕ 7, ತಳದಲ್ಲಿ 1. 1957ರಿಂದ ಆಚೆಗೆ 15. ಆಗ ಎರಡೂ ಪಕ್ಕ ಏಳೇಳು, ತಳದಲ್ಲಿ 1. ನಡುವೆ ಒಂದು ಪಟ್ಟಿ ಉದುರಿದೆ. ಅದರ ಜೊತೆ ಸೋವಿಯತ್ ಒಕ್ಕೂಟದೊಳಗಿನ ಒಂದು ಇಡೀ ಗಣರಾಜ್ಯವೂ ಉದುರಿದೆ. ಆ ಕತೆಗೆ ಆಮೇಲೆ ಬರುತ್ತೇನೆ.

ಕನ್ನಡದಲ್ಲಿ ಒಂದು ಅನುಕೂಲ ಇದೆ. ಪಟ್ಟಿ ಅಂದರೆ ಗಾಯಕ್ಕೆ ಸುತ್ತುವ ಪಟ್ಟಿಯೂ ಹೌದು, ಹೆಸರುಗಳ ಪಟ್ಟಿಯೂ ಹೌದು. ಸೋವಿಯತ್ ಲಾಂಛನದಲ್ಲಿ ತೆನೆಗೆ ಸುತ್ತಿದ ಕೆಂಪು ಪಟ್ಟಿ ಈ ಎರಡೂ ಆಗಿತ್ತು. ನೋಡೋಕೆ ಅಲಂಕಾರ, ಕೆಲಸದಲ್ಲಿ ಹಾಜರಿ ಪುಸ್ತಕ. ಒಂದೊಂದು ಸುತ್ತಿನ ಮೇಲೂ ಒಕ್ಕೂಟದ ಗಣರಾಜ್ಯಗಳ ಒಂದೊಂದು ಭಾಷೆಯಲ್ಲಿ ಒಂದೇ ಘೋಷಣೆ: "ಎಲ್ಲ ದೇಶಗಳ ಕಾರ್ಮಿಕರೇ, ಒಂದಾಗಿ!" ಇದು 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಕೊನೆಯ ಮಾತು. ನಾಣ್ಯ ಚಿಕ್ಕದು, ಅದರ ಮೇಲೆ ಅಷ್ಟು ಅಕ್ಷರ ಹಿಡಿಸೋದಿಲ್ಲ. ಅದಕ್ಕೇ ಅಲ್ಲಿ ಬರೀ ಪಟ್ಟಿ ಕಾಣುತ್ತವೆ. ದೊಡ್ಡ ಚಿತ್ರದಲ್ಲಿ ನೋಡಿದರೆ ಪ್ರತಿ ಪಟ್ಟಿಯೂ ಮಾತಾಡುತ್ತದೆ.

ಈಗ ಚಿತ್ರವನ್ನು ಒಳಗಿನಿಂದ ಹೊರಗೆ ಬಿಡಿಸೋಣ.

ಕುಡುಗೋಲು ಸುತ್ತಿಗೆ ಎಲ್ಲರಿಗೂ ಗೊತ್ತು. ಚುನಾವಣೆಯ ಗೋಡೆ ಬರಹ ನೋಡಿದ ಯಾರಿಗಾದರೂ ಗೊತ್ತು. ಸುತ್ತಿಗೆ ಕಾರ್ಮಿಕನದು, ಕುಡುಗೋಲು ರೈತನದು. ಆದರೆ ಈ ಜೋಡಿ ಮೊದಲಿನಿಂದಲೇ ಗಟ್ಟಿಯಾಗಿ ನಿಂತದ್ದಲ್ಲ. 1918ರಲ್ಲಿ ಕೆಂಪು ಸೇನೆಯ ಸೈನಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ನಕ್ಷತ್ರದ ಮೇಲೆ ಇದ್ದದ್ದು ಸುತ್ತಿಗೆ ಮತ್ತು ನೇಗಿಲು. ಅದೇ ವರ್ಷ ಮೇ ದಿನಕ್ಕೆ ಮಾಸ್ಕೋದ ಜಾಮೊಸ್ಕ್ವೊರೆಚ್ಯೆ ಭಾಗವನ್ನು ಸಿಂಗರಿಸುವ ಕೆಲಸದಲ್ಲಿದ್ದ ಯೆವ್ಗೆನಿ ಕಾಮ್ಜೊಲ್ಕಿನ್ ಎಂಬ ಕಲಾವಿದ ಕುಡುಗೋಲನ್ನೂ ಸುತ್ತಿಗೆಯನ್ನೂ ಒಂದರ ಮೇಲೊಂದು ಅಡ್ಡ ಇಟ್ಟು ಬರೆದ. ಚಿತ್ರವಾಗಿ ನೋಡಿದರೆ ನೇಗಿಲು ಸೋಲಲೇಬೇಕಿತ್ತು ಅನ್ನಿಸುತ್ತದೆ. ಅದು ದಪ್ಪ, ಅಡ್ಡಾದಿಡ್ಡಿ ಆಕಾರ. ಕುಡುಗೋಲಿನ ಬಾಗು ಸುತ್ತಿಗೆಯ ನೇರ ಹಿಡಿಯನ್ನು ಅಪ್ಪಿಕೊಂಡ ಹಾಗೆ ಕೂರುತ್ತದೆ. ದೂರದಿಂದ ನೋಡಿದರೂ ಗುರುತು ಸಿಗುತ್ತದೆ, ಮಕ್ಕಳು ಸೀಮೆಸುಣ್ಣದಲ್ಲೂ ಬರೆಯಬಹುದು.

ಇಲ್ಲಿ ಇನ್ನೊಂದು ವಸ್ತು ಇರಬೇಕಿತ್ತು, ಇಲ್ಲ. ಕತ್ತಿ. 1918ರ ಆರಂಭದಲ್ಲಿ ಸೋವಿಯತ್ ರಷ್ಯಾಕ್ಕೆ ಲಾಂಛನದ ಕರಡು ಬಂದಾಗ ಕುಡುಗೋಲು ಸುತ್ತಿಗೆಯ ಜೊತೆ ಕತ್ತಿಯೂ ಇತ್ತು. ಲೆನಿನ್ ಅದನ್ನು ತೆಗೆಸಿದರು. ಕತ್ತಿ ನಮ್ಮ ಗುರುತಲ್ಲ, ಬೇರೆಯವರ ನೆಲ ಗೆಲ್ಲೋದು ನಮ್ಮ ಕೆಲಸವಲ್ಲ ಅನ್ನುವುದು ಅವರ ವಾದವಾಗಿತ್ತು ಎಂದು ಅವರ ಜೊತೆ ಕೆಲಸ ಮಾಡುತ್ತಿದ್ದ ಬೋಂಚ್-ಬ್ರುಯೆವಿಚ್ ನೆನಪಿಸಿಕೊಂಡಿದ್ದಾರೆ. ಕತ್ತಿ ಇಲ್ಲದ ಆ ಲಾಂಛನ 1918ರ ಜುಲೈನಲ್ಲಿ ಸಂವಿಧಾನದೊಳಗೆ ಬಂತು. ಆ ತಿಂಗಳು ಹೊರಗೆ ಅಂತರ್ಯುದ್ಧ ಧಗಧಗ ಉರಿಯುತ್ತಿತ್ತು. ಚಿತ್ರದಿಂದ ತೆಗೆದ ಕತ್ತಿ ಎಲ್ಲರ ಕೈಯಲ್ಲಿ ಇತ್ತು ಅನ್ನಬಹುದು.

ಅದು ರಷ್ಯಾದ ಲಾಂಛನ. ನಿಮ್ಮ ನಾಣ್ಯದ ಮೇಲಿರುವುದು ಅದಲ್ಲ, ಇಡೀ ಸೋವಿಯತ್ ಒಕ್ಕೂಟದ್ದು. ಒಕ್ಕೂಟ ಹುಟ್ಟಿದ್ದು 1922ರ ಡಿಸೆಂಬರ್ 30ರಂದು. ಅದಕ್ಕೊಂದು ಹೊಸ ಗುರುತು ಬೇಕಾಯಿತು. ಕೆಲಸ ಬಿದ್ದದ್ದು ಗೊಜ್ನಾಕ್‌ಗೆ, ಅಂದರೆ ನೋಟು, ಅಂಚೆಚೀಟಿ ಮುದ್ರಿಸುವ ಸರ್ಕಾರಿ ಸಂಸ್ಥೆಗೆ. ಇದು ಸಣ್ಣ ವಿಷಯವಲ್ಲ. ನೋಟು ಬರೆಯುವ ಕಲಾವಿದರಿಗೆ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ತುಂಬಾ ವಿಷಯ ತುರುಕುವ ಅಭ್ಯಾಸ ಇರುತ್ತದೆ. ಸೋವಿಯತ್ ಲಾಂಛನ ಅಷ್ಟು ಗಿಜಿಗಿಜಿ ಎನ್ನುತ್ತಿದ್ದರೂ ಬೆರಳುಗುರಿನಷ್ಟು ಜಾಗದಲ್ಲಿ ನಿಲ್ಲುವುದಕ್ಕೆ ಅದೇ ಕಾರಣ ಅಂತ ನನ್ನ ಅಂದಾಜು.

ಭೂಗೋಳವನ್ನು ನಡುವೆ ತರುವುದರಲ್ಲಿ ವ್ಲಾದಿಮಿರ್ ಅದ್ರಿಯಾನೊವ್ ಎಂಬ ನಕ್ಷೆಗಾರನ ಕೈ ಇತ್ತು. ಕೊನೆಯ ರೂಪ ಕೊಟ್ಟದ್ದು ಗೊಜ್ನಾಕ್‌ನ ಇವಾನ್ ದುಬಾಸೊವ್. ದುಬಾಸೊವ್ ಮೊದಲು ಘೋಷಣೆಯನ್ನು ತಳದ ಪಟ್ಟಿಯೊಂದರ ಮೇಲೇ ಹಾಕಿದ್ದರಂತೆ. ಅಷ್ಟು ಭಾಷೆ ಒಂದೇ ಕಡೆ ಹಿಡಿಸಲಿಲ್ಲ, ಪಟ್ಟಿ ತೆನೆಯ ಮೇಲಕ್ಕೆ ಹತ್ತಿತು. ಲಾಂಛನದ ಮೇಲ್ತುದಿಯಲ್ಲಿ ದೇಶದ ಹೆಸರಿನ ಮೊದಲ ಅಕ್ಷರಗಳಿದ್ದವು. ಕೇಂದ್ರ ಕಾರ್ಯಕಾರಿ ಸಮಿತಿಯ ಕಾರ್ಯದರ್ಶಿ ಅವೆಲ್ ಯೆನುಕಿದ್ಜೆ ಅಲ್ಲಿ ಐದು ಮೂಲೆಯ ನಕ್ಷತ್ರ ಹಾಕಿಸಿದರು. 1923ರ ಜುಲೈ 6ರಂದು ಒಪ್ಪಿಗೆ ಸಿಕ್ಕಿತು. 1924ರ ಸಂವಿಧಾನದ 70ನೇ ವಿಧಿಯಲ್ಲಿ ಅದರ ವಿವರಣೆ ಸೇರಿತು.

ಈಗ ಆ ಭೂಗೋಳವನ್ನು ಸರಿಯಾಗಿ ನೋಡಿ. 1961ರ ನಾಣ್ಯ ಕಡಿಮೆ ಸವೆದಿದ್ದರೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅಕ್ಷಾಂಶ ರೇಖಾಂಶದ ಗೆರೆಗಳಿವೆ. ಯುರೋಪ್, ಏಷ್ಯಾ, ಆಫ್ರಿಕಾ ಇರುವ ಮಗ್ಗುಲು ನಮ್ಮ ಕಡೆ ತಿರುಗಿದೆ. ಭಾರತವೂ ಆ ಮಗ್ಗುಲಲ್ಲೇ ಇದೆ, ಅಮೆರಿಕ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಗಡಿಗಳಿಲ್ಲ. ಯಾವ ದೇಶದ ಗಡಿಯೂ ಇಲ್ಲ, ಸೋವಿಯತ್ ಒಕ್ಕೂಟದ ಗಡಿ ಕೂಡ ಇಲ್ಲ. ದೇಶಗಳು ತಮ್ಮ ನೆಲದ ಪ್ರಾಣಿ, ಬೆಟ್ಟ, ಕೋಟೆ, ರಾಜನ ಕಿರೀಟ ಹಾಕಿಕೊಳ್ಳುತ್ತವೆ. ಇವರು ಭೂಮಿಯನ್ನೇ ಹಾಕಿಕೊಂಡರು. ಅದು ಕಲಾವಿದನ ಹುಮ್ಮಸ್ಸು ಮಾತ್ರ ಅಲ್ಲ. ಒಕ್ಕೂಟ ರಚನೆಯ ಘೋಷಣೆಯಲ್ಲೇ ಇದು ವಿಶ್ವ ಸಮಾಜವಾದಿ ಸೋವಿಯತ್ ಗಣರಾಜ್ಯದ ಕಡೆಗೆ ಇಟ್ಟ ಹೆಜ್ಜೆ ಎಂಬ ಮಾತಿದೆ. ಬಾಗಿಲು ತೆರೆದಿದೆ, ಯಾರು ಬೇಕಾದರೂ ಬನ್ನಿ ಅನ್ನುವ ಚಿತ್ರ ಅದು.

ಕೆಳಗಿನಿಂದ ಸೂರ್ಯ ಹುಟ್ಟುತ್ತಿದ್ದಾನೆ. ಹೊಸ ಯುಗದ ಬೆಳಗು, ಅರ್ಥ ಸುಲಭ. ಭೂಮಿ ದೊಡ್ಡದು, ಸೂರ್ಯ ಚಿಕ್ಕದು ಆಗಿರೋದನ್ನು ನಿಮ್ಮ ಮಗಳು ಈಗಾಗಲೇ ಗಮನಿಸಿರಬಹುದು. ನಕ್ಷತ್ರದ ಐದು ಮೂಲೆ ಐದು ಖಂಡಗಳ ಕಾರ್ಮಿಕರು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ತೆನೆಗಳು ಬೆಳೆ, ಸಮೃದ್ಧಿ. ಇಷ್ಟು ಸಾಕು ಇವಕ್ಕೆ.

ಪಟ್ಟಿಗೆ ವಾಪಸ್ ಬರೋಣ. ನನ್ನ ಮಟ್ಟಿಗೆ ಕತೆ ಇರೋದು ಅಲ್ಲೇ. ನಡುವಿನ ಭೂಗೋಳ ಗಡಿ ಇಲ್ಲ ಎನ್ನುತ್ತದೆ. ಸುತ್ತಲಿನ ಪಟ್ಟಿ ಕೂತು ಗಡಿ ಲೆಕ್ಕ ಹಾಕುತ್ತದೆ. ಎರಡೂ ಒಂದೇ ಚಿತ್ರದಲ್ಲಿ. ಭೂಗೋಳ 1923ರಿಂದ ಕೊನೆಯವರೆಗೆ ಹಾಗೇ ಉಳಿಯಿತು. ಪಟ್ಟಿಯನ್ನು ಮಾತ್ರ ಮತ್ತೆ ಮತ್ತೆ ತಿದ್ದಬೇಕಾಯಿತು.

1923ರಲ್ಲಿ 6 ಪಟ್ಟಿ. ಒಕ್ಕೂಟದಲ್ಲಿ ಆಗ ಇದ್ದದ್ದು ನಾಲ್ಕೇ ಗಣರಾಜ್ಯ: ರಷ್ಯಾ, ಉಕ್ರೇನ್, ಬೆಲಾರುಸ್, ಮತ್ತೆ ಕಾಕಸಸ್ ಬೆಟ್ಟಗಳಾಚೆಯ ಮೂರು ನಾಡುಗಳನ್ನು ಸೇರಿಸಿ ಮಾಡಿದ ಒಂದು ಗಣರಾಜ್ಯ. ಆ ಮೂರು ನಾಡುಗಳ ಜಾರ್ಜಿಯನ್, ಅರ್ಮೇನಿಯನ್, ಅಜರ್ಬೈಜಾನಿ ಭಾಷೆಗಳನ್ನು ಬೇರೆ ಬೇರೆ ಹಿಡಿದರೆ ಆರು ಭಾಷೆ. ನಡುವೆ ಏಳು ಪಟ್ಟಿಯ ರೂಪವೂ ಬಂತು, 1935 ಮತ್ತು 1936ರ ನಾಣ್ಯಗಳಲ್ಲಿ ಸಿಗುತ್ತದೆ. 1936ರ ಸಂವಿಧಾನದಲ್ಲಿ ಗಣರಾಜ್ಯಗಳು 11 ಆದವು. ಕಾಕಸಸ್‌ನ ಒಂದು ಮೂರಾಗಿ ಒಡೆಯಿತು. ಮಧ್ಯ ಏಷ್ಯಾದ ಉಜ್ಬೆಕ್, ತುರ್ಕ್‌ಮೆನ್, ತಾಜಿಕ್, ಕಜಾಕ್, ಕಿರ್ಗಿಜ್ ಐದೂ ಪಟ್ಟಿಯಲ್ಲಿ ಬಂದವು. 11 ಗಣರಾಜ್ಯ, 11 ಪಟ್ಟಿ. 1937ರಿಂದ ನಾಣ್ಯಗಳ ಮೇಲೂ 11.

ಇಲ್ಲಿ ಒಂದು ಪಟ್ಟಿಯನ್ನು ಹತ್ತಿರದಿಂದ ನೋಡೋಣ, ಅಜರ್ಬೈಜಾನಿ ಭಾಷೆಯದು. 1923ರಲ್ಲಿ ಆ ಘೋಷಣೆ ಅರಬ್ಬಿ ಲಿಪಿಯಲ್ಲಿತ್ತು. 1920ರ ದಶಕದ ಕೊನೆಗೆ ಸರ್ಕಾರ ಆ ಭಾಷೆಗೆ ಲ್ಯಾಟಿನ್ ಲಿಪಿ ತಂದಿತು. 1937ರ ಲಾಂಛನದಲ್ಲಿ ಲ್ಯಾಟಿನ್. 1940ರಿಂದ ಸಿರಿಲಿಕ್, ಅಂದರೆ ರಷ್ಯನ್ ಮಾದರಿಯ ಅಕ್ಷರ. 1946ರ ಲಾಂಛನದಲ್ಲಿ ಸಿರಿಲಿಕ್. ಭಾಷೆ ಅದೇ, ಮಾತು ಅದೇ, ಇಪ್ಪತ್ಮೂರು ವರ್ಷದೊಳಗೆ ಮೂರು ಲಿಪಿ. ಕನ್ನಡಕ್ಕೆ ಹಾಗಾಗಿದ್ದರೆ ಅಜ್ಜ ಬರೆದ ಕಾಗದವನ್ನು ಅಪ್ಪ ಓದಲಾರ, ಅಪ್ಪ ಬರೆದದ್ದನ್ನು ಮಗಳು ಓದಲಾರಳು. ಸೋವಿಯತ್ ಒಕ್ಕೂಟ ಮುಗಿದ ಮೇಲೆ ಅಜರ್ಬೈಜಾನ್ ಮತ್ತೆ ಲ್ಯಾಟಿನ್‌ಗೆ ಮರಳಿತು. ಜಾರ್ಜಿಯನ್ನರೂ ಅರ್ಮೇನಿಯನ್ನರೂ ಮಾತ್ರ ಕೊನೆಯವರೆಗೂ ತಮ್ಮ ತಮ್ಮ ಲಿಪಿಯಲ್ಲೇ ಇದ್ದರು. ದುಂಡು ದುಂಡಾದ ಜಾರ್ಜಿಯನ್ ಅಕ್ಷರ ನೋಡಿದರೆ ಯಾಕೋ ನಮ್ಮ ಅಕ್ಷರದ ದೂರದ ನೆಂಟರ ಹಾಗೆ ಕಾಣುತ್ತದೆ. ನೆಂಟಸ್ತಿಕೆ ಏನೂ ಇಲ್ಲ, ಸುಮ್ನೆ ಹಾಗನ್ನಿಸುತ್ತದೆ.

1940ರಲ್ಲಿ ಐದು ಗಣರಾಜ್ಯ ಒಟ್ಟಿಗೆ ಸೇರಿದವು. ಲಿಥುವೇನಿಯಾ, ಲಾತ್ವಿಯಾ, ಎಸ್ಟೋನಿಯಾ, ಮೊಲ್ದಾವಿಯಾ ಮತ್ತು ಕರೇಲೋ-ಫಿನ್ನಿಶ್. ಸೇರಿದವು ಅನ್ನುವುದು ಸೌಮ್ಯ ಮಾತು. ಬಾಲ್ಟಿಕ್‌ನ ಮೂರು ದೇಶಗಳೊಳಗೆ ಸೋವಿಯತ್ ಸೇನೆ ನುಗ್ಗಿ ಸೇರಿಸಿಕೊಂಡಿತು. ಕತ್ತಿ ಇಲ್ಲದ ಲಾಂಛನಕ್ಕೆ ಹೊಸ ಪಟ್ಟಿಗಳು ಬಂದ ದಾರಿ ಇದು. ಅಲ್ಲಿಗೆ ಗಣರಾಜ್ಯಗಳು 16. ಆದರೆ ಲಾಂಛನ ಬದಲಾಗಲು ಯುದ್ಧ ಮುಗಿಯಬೇಕಾಯಿತು. 1946ರ ಜೂನ್ 26ರ ಆದೇಶದಲ್ಲಿ 16 ಪಟ್ಟಿಯ ರೂಪ ಬಂತು. ನಾಣ್ಯ ಇನ್ನೂ ತಡ. 1946ರ ನಾಣ್ಯದಲ್ಲೂ 11, 1948ರದ್ದರಲ್ಲಿ 16. ಅಂದರೆ ಎಂಟು ವರ್ಷ ಐದು ಗಣರಾಜ್ಯಗಳ ಜನ ತಮ್ಮ ಹೆಸರೇ ಇಲ್ಲದ ಚಿಲ್ಲರೆ ಎಣಿಸಿ ಬ್ರೆಡ್ ಕೊಂಡರು.

ಈಗ ನಿಮ್ಮ ಹದಿನಾರನೇ ಪಟ್ಟಿ. ಅದು ಫಿನ್ನಿಶ್ ಭಾಷೆಯದು. 1939ರ ಚಳಿಗಾಲದಲ್ಲಿ ಸೋವಿಯತ್ ಒಕ್ಕೂಟ ಫಿನ್‌ಲೆಂಡ್ ಮೇಲೆ ಯುದ್ಧಕ್ಕೆ ಹೋಯಿತು. 1940ರ ಮಾರ್ಚ್‌ನಲ್ಲಿ ಒಪ್ಪಂದ ಆಯಿತು, ಒಂದಷ್ಟು ಫಿನ್ನಿಶ್ ನೆಲ ಸಿಕ್ಕಿತು. ಅದೇ ತಿಂಗಳ 31ಕ್ಕೆ, ಸಿಕ್ಕ ನೆಲದ ಬಹುಪಾಲನ್ನು ಹಳೆಯ ಕರೇಲಿಯಾಕ್ಕೆ ಸೇರಿಸಿ ಕರೇಲೋ-ಫಿನ್ನಿಶ್ ಗಣರಾಜ್ಯ ಅಂತ ಒಂದನ್ನು ಎಬ್ಬಿಸಿದರು. ರಷ್ಯಾ, ಉಕ್ರೇನ್ ಸಾಲಿನಲ್ಲೇ ಅದಕ್ಕೂ ಸಮಾನ ಪೀಠ. ಫಿನ್‌ಲೆಂಡ್‌ನಿಂದ ಬಂದ ಹಳೆಯ ಕಮ್ಯುನಿಸ್ಟ್ ಒಟ್ಟೊ ಕೂಸಿನೆನ್ ಅದಕ್ಕೆ ಮುಖ್ಯಸ್ಥ. ಮುಂದೆ ಎಂದಾದರೂ ಫಿನ್‌ಲೆಂಡ್ ಪೂರ್ತಿ ಬಂದರೆ ಕೂರಿಸಲು ಕುರ್ಚಿ ಸಿದ್ಧ ಇರಲಿ ಎಂಬ ಲೆಕ್ಕ ಇದರ ಹಿಂದಿತ್ತು ಅಂತ ಇತಿಹಾಸಕಾರರು ಅನೇಕರು ಓದುತ್ತಾರೆ. ತೊಂದರೆ ಏನೆಂದರೆ, ಬಿಟ್ಟುಕೊಟ್ಟ ನೆಲದಲ್ಲಿದ್ದ ಫಿನ್ನರು ಗಂಟುಮೂಟೆ ಕಟ್ಟಿ ಫಿನ್‌ಲೆಂಡ್‌ಗೆ ಹೋಗಿಬಿಟ್ಟರು. ಹೆಸರಲ್ಲಿ ಫಿನ್ನಿಶ್, ಊರಲ್ಲಿ ಫಿನ್ನರು ಕಡಿಮೆ.

ಇದರ ಮೇಲೆ ಒಂದು ಹಳೇ ಸೋವಿಯತ್ ಜೋಕ್ ಇದೆ. ಆ ಗಣರಾಜ್ಯದಲ್ಲಿ ಇದ್ದದ್ದು ಇಬ್ಬರೇ ಫಿನ್ನರಂತೆ. ಒಬ್ಬ ಫಿನ್-ಇನ್‌ಸ್ಪೆಕ್ಟರ್, ಇನ್ನೊಬ್ಬ ಫಿನ್‌ಕೆಲ್‌ಸ್ಟೈನ್. ಫಿನ್-ಇನ್‌ಸ್ಪೆಕ್ಟರ್ ಅಂದರೆ ರಷ್ಯನ್‌ನಲ್ಲಿ ತೆರಿಗೆ ವಸೂಲಿ ಮಾಡೋ ಫೈನಾನ್ಸ್ ಇನ್‌ಸ್ಪೆಕ್ಟರ್, ಫಿನ್‌ಕೆಲ್‌ಸ್ಟೈನ್ ಅನ್ನೋದು ಯಹೂದಿ ಮನೆತನದ ಹೆಸರು. ವಿಚಾರಿಸಿ ನೋಡಿದರೆ ಇಬ್ಬರೂ ಒಬ್ಬನೇ ಮನುಷ್ಯ.

1956ರ ಜುಲೈ 16ರಂದು ಆ ಗಣರಾಜ್ಯವನ್ನು ಕೆಳಗಿಳಿಸಿ, ರಷ್ಯಾದೊಳಗಿನ ಒಂದು ಸ್ವಾಯತ್ತ ಗಣರಾಜ್ಯ ಮಾಡಿದರು. ಹೆಸರಿನಿಂದ "ಫಿನ್ನಿಶ್" ಹೋಯಿತು. ಸೆಪ್ಟೆಂಬರ್ 12ಕ್ಕೆ ಲಾಂಛನದಿಂದ ಫಿನ್ನಿಶ್ ಪಟ್ಟಿಯೂ ಹೋಯಿತು. ಸೇರಿಸಲು ಆರು ವರ್ಷ ಹಿಡಿದ ಪಟ್ಟಿಯನ್ನು ತೆಗೆಯಲು ಎರಡು ತಿಂಗಳು ಸಾಕಾಯಿತು. ಮಾರನೇ ವರ್ಷದ ನಾಣ್ಯಗಳಲ್ಲಿ 15. ಆದರೆ ಟಂಕಸಾಲೆಯಲ್ಲೂ ಮನುಷ್ಯರೇ ಅಲ್ವಾ? 1957 ಎಂದು ಬರೆದಿದ್ದರೂ ಹಳೆಯ ಅಚ್ಚಿನಲ್ಲಿ ಹೊಡೆದು 16 ಪಟ್ಟಿ ಉಳಿದುಕೊಂಡ ನಾಣ್ಯ ಅಲ್ಲೊಂದು ಇಲ್ಲೊಂದು ಇವೆ. ಸಂಗ್ರಹಕಾರರು ಅದಕ್ಕೆ ಪ್ರಾಣ ಬಿಡುತ್ತಾರೆ. ನಿಮ್ಮದು ಅದಲ್ಲ, ಕ್ಷಮಿಸಿ.

ಎಲ್ಲ ಕಡೆಯಿಂದ ಅಳಿಸೋದು ಮಾತ್ರ ಆಗಲಿಲ್ಲ. ಮಾಸ್ಕೋದ ದೊಡ್ಡ ವಸ್ತುಪ್ರದರ್ಶನ ಮೈದಾನದಲ್ಲಿ 1954ರಲ್ಲಿ ಕಟ್ಟಿದ "ಜನರ ಗೆಳೆತನ" ಕಾರಂಜಿ ಇದೆ. ಸುತ್ತ ಚಿನ್ನದ ಬಣ್ಣದ ಹೆಣ್ಣು ಪ್ರತಿಮೆಗಳು, ಗಣರಾಜ್ಯಕ್ಕೊಂದರಂತೆ 16. ಎರಡು ವರ್ಷಕ್ಕೆ ಗಣರಾಜ್ಯ 15 ಆಯಿತು. ಪ್ರತಿಮೆ ಪಟ್ಟಿಯ ಹಾಗೆ ಒರೆಸಿ ತೆಗೆಯುವ ಗೆರೆ ಅಲ್ಲವಲ್ಲ. ಹದಿನಾರನೆಯವಳು ಅಲ್ಲೇ ನಿಂತಿದ್ದಾಳೆ.

ಕೊನೆಯ ತಿದ್ದುಪಡಿ ಬಂದದ್ದು 1958ರಲ್ಲಿ, ಅದೂ ವ್ಯಾಕರಣದ ಹುಡುಗಾಟದ ಹಾಗಿದೆ. ಬೆಲಾರುಸ್ ಭಾಷೆಯ ಘೋಷಣೆಯಲ್ಲಿ "ಒಂದಾಗಿ" ಅನ್ನುವ ಕಡೆ ಒಂದು ಶಬ್ದ ತೆಗೆದು ಅದೇ ಅರ್ಥದ ಇನ್ನೊಂದು ಹಾಕಿದರು. ಆಮೇಲೆ 1991ರವರೆಗೂ ಪಟ್ಟಿ ಅಲುಗಲಿಲ್ಲ.

ಒಂದೊಂದು ಗಣರಾಜ್ಯಕ್ಕೂ ತನ್ನದೇ ಲಾಂಛನ ಇತ್ತು. ಬಹಳಷ್ಟು ಇದೇ ಅಚ್ಚಿನವು. ನಡುವೆ ಕುಡುಗೋಲು ಸುತ್ತಿಗೆ, ಸುತ್ತ ಬೆಳೆ. ಉಜ್ಬೆಕ್‌ನಲ್ಲಿ ಹತ್ತಿ, ಮೊಲ್ದಾವಿಯಾದಲ್ಲಿ ದ್ರಾಕ್ಷಿ ಮತ್ತು ಮೆಕ್ಕೆಜೋಳ, ತುರ್ಕ್‌ಮೆನ್‌ನಲ್ಲಿ ರತ್ನಗಂಬಳಿ, ಅಜರ್ಬೈಜಾನ್‌ನಲ್ಲಿ ಎಣ್ಣೆ ಬಾವಿಯ ಗೋಪುರ. ಲಾತ್ವಿಯಾದ್ದು ನನಗೆ ಇಷ್ಟ. ಅದರಲ್ಲಿ ಸಮುದ್ರದಿಂದ ಸೂರ್ಯ ಹುಟ್ಟುತ್ತಾನೆ. ನಮ್ಮ ಮಲ್ಪೆ, ಕಾರವಾರದವರಿಗೆ ತೋರಿಸಿದರೆ ತಕ್ಷಣ ನಗುತ್ತಾರೆ. ಲಾತ್ವಿಯಾದ ತೆರೆದ ಕಡಲು ನಮ್ಮ ಹಾಗೇ ಪಶ್ಚಿಮಕ್ಕಿದೆ. ಅಲ್ಲಿ ನೀರಿನಲ್ಲಿ ಕಾಣುವ ಸೂರ್ಯ ಮುಳುಗುವ ಸೂರ್ಯ! ರೀಗಾ ಕೊಲ್ಲಿಯ ಒಂದು ದಡದಿಂದ ಬೆಳಗಿನ ಸೂರ್ಯನೂ ಕಾಣಬಹುದು ಅನ್ನಿ. ಆದರೂ ಗುಮಾನಿ ಹೋಗೋದಿಲ್ಲ.

ಅರ್ಮೇನಿಯಾದ ಲಾಂಛನದಲ್ಲಿ ಅರಾರತ್ ಬೆಟ್ಟ. ಬರೆದದ್ದು ಮಾರ್ತಿರೋಸ್ ಸರ್ಯಾನ್, ಆ ನಾಡಿನ ದೊಡ್ಡ ಚಿತ್ರಕಾರ. ಬೆಟ್ಟ ಅರ್ಮೇನಿಯನ್ನರ ಎದೆಯಲ್ಲಿದೆ, ಭೂಪಟದಲ್ಲಿ ಟರ್ಕಿಯಲ್ಲಿದೆ. 1921ರ ಒಪ್ಪಂದಗಳಲ್ಲಿ ಆ ಕಡೆ ಹೋಯಿತು. ನಮ್ಮ ಬೆಟ್ಟ ನಿಮ್ಮ ಲಾಂಛನದಲ್ಲಿ ಯಾಕೆ ಅಂತ ಟರ್ಕಿ ತಕರಾರು ತೆಗೆಯಿತಂತೆ. ನಿಮ್ಮ ಬಾವುಟದಲ್ಲಿ ಚಂದ್ರ ಇದ್ದಾನಲ್ಲ, ಚಂದ್ರ ನಿಮ್ಮವನೋ ಅಂತ ಸೋವಿಯತ್ ವಿದೇಶಾಂಗ ಮಂತ್ರಿ ಚಿಚೆರಿನ್ ಕೇಳಿದರಂತೆ. ನಡೆದಿತ್ತೋ ಇಲ್ಲವೋ, ಅಲ್ಲಿನವರು ಇವತ್ತಿಗೂ ಹೇಳಿ ಖುಷಿ ಪಡುವ ಕತೆ.

ಹೀಗೆ ಎಣಿಸುವ ಲಾಂಛನ ಸೋವಿಯತ್‌ನದ್ದು ಮಾತ್ರ ಅಲ್ಲ. ಯುಗೊಸ್ಲಾವಿಯಾದ ಲಾಂಛನದಲ್ಲಿ ಪಂಜುಗಳು ಒಂದೇ ಜ್ವಾಲೆಯಾಗಿ ಉರಿಯುತ್ತಿದ್ದವು. ಮೊದಲು ಐದು ಪಂಜು, ಐದು ಜನಾಂಗಗಳಿಗೆ. 1963ರಲ್ಲಿ ಆರು ಮಾಡಿದರು, ಆರು ಗಣರಾಜ್ಯಗಳಿಗೆ. ಭಾರತ ಈ ಗೋಜಿಗೆ ಹೋಗಲಿಲ್ಲ. 1950ರ ಜನವರಿ 26ರಂದು ನಾವು ಸಾರನಾಥದ ಸಿಂಹಗಳನ್ನು ತೆಗೆದುಕೊಂಡೆವು. ಆಮೇಲೆ ರಾಜ್ಯಗಳು ಎಷ್ಟು ಸಲ ಒಡೆದವು, ಸೇರಿದವು, ಹೆಸರು ಬದಲಿಸಿದವು! ನಮ್ಮದೇ ಮೈಸೂರು ಹೋಗಿ ಕರ್ನಾಟಕ ಆಯಿತು. ಸಿಂಹಗಳಿಗೆ ಇದರ ಪರಿವೆ ಇಲ್ಲ.

ಹಾಗಂತ ನಮ್ಮಲ್ಲಿ ಭಾಷೆಯ ಪಟ್ಟಿ ಇಲ್ಲವೇ? ಇದೆ. ಜೇಬಿನಿಂದ ಒಂದು ನೂರರ ನೋಟು ತೆಗೆದು ಹಿಂಬದಿ ನೋಡಿ. ಅಸ್ಸಾಮಿಯಿಂದ ಉರ್ದುವರೆಗೆ ಹದಿನೈದು ಸಾಲು. ಕನ್ನಡ ನಾಲ್ಕನೆಯದು, ಗುಜರಾತಿಯ ಕೆಳಗೆ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲಿಸಿದ್ದರಿಂದ ಯಾರು ಮುಂದೆ ಯಾರು ಹಿಂದೆ ಅನ್ನುವ ಜಗಳ ಇಲ್ಲ. ಕೊಂಕಣಿ, ನೇಪಾಳಿ ಆಮೇಲೆ ಸೇರಿದವು. ತುಳು ಇನ್ನೂ ಇಲ್ಲ, ಮಂಗಳೂರಿನ ಗೆಳೆಯರು ಅದನ್ನು ಆಗಾಗ ನನಗೆ ನೆನಪಿಸುತ್ತಾರೆ. ಸೋವಿಯತ್ ಲಾಂಛನದಲ್ಲಿ ಈ ತಟಸ್ಥ ಕ್ರಮ ಇರಲಿಲ್ಲ. ರಷ್ಯನ್ ಘೋಷಣೆ ತಳದಲ್ಲಿ, ನಟ್ಟನಡುವೆ, ಎರಡೂ ಬದಿಯ ತೆನೆಗಳನ್ನು ಹಿಡಿದಿಟ್ಟ ಗಂಟಿನ ಜಾಗದಲ್ಲಿ. ನಾನು ಮೊದಲು ಎಣಿಸದೆ ಬಿಟ್ಟ ಪಟ್ಟಿ ಅದೇ. ಅದನ್ನು ಬಿಚ್ಚಿದರೆ ಚಿತ್ರದ ಎರಡೂ ಬದಿ ಬೇರೆ ಬೇರೆಯಾಗಿ ಬೀಳುತ್ತವೆ.

ಬಿಚ್ಚಿದ್ದು 1991ರಲ್ಲಿ. ಅದಕ್ಕೆ ನಾಣ್ಯದ ಸಾಕ್ಷಿಯೂ ಇದೆ. ಆ ವರ್ಷ ಕೆಲವು ಹೊಸ ನಾಣ್ಯ ಹೊರಬಂದವು. ಅವುಗಳ ಮೇಲೆ ಲಾಂಛನವೇ ಇಲ್ಲ. ಅದರ ಜಾಗದಲ್ಲಿ ಕ್ರೆಮ್ಲಿನ್ ಗೋಪುರ ಮತ್ತು ಗುಮ್ಮಟದ ಚಿತ್ರ, ದೇಶದ ಹೆಸರಿನ ಜಾಗದಲ್ಲಿ ಸರ್ಕಾರಿ ಬ್ಯಾಂಕಿನ ಹೆಸರು. ಡಿಸೆಂಬರ್ 25ಕ್ಕೆ ಕ್ರೆಮ್ಲಿನ್ ಮೇಲಿನ ಕೆಂಪು ಬಾವುಟ ಇಳಿಯಿತು. 1992ರ ರಷ್ಯನ್ ನಾಣ್ಯಗಳಿಗೆ ಎರಡು ತಲೆಯ ಹದ್ದು ಬಂದು ಕೂತಿತು. 1917ರಲ್ಲಿ ಇವಾನ್ ಬಿಲಿಬಿನ್ ಬರೆದಿದ್ದ, ಕಿರೀಟ ಇಲ್ಲದ ಹದ್ದು. ತೆನೆಯ ಹಾರ ಬೇರೆ ಕಡೆ ಉಳಿದಿದೆ. ಬೆಲಾರುಸ್ 1995ರ ಜನಮತದ ನಂತರ ಹಳೆಯ ಮಾದರಿಯನ್ನೇ ಮತ್ತೆ ತಂದಿತು. ಕುಡುಗೋಲು ಸುತ್ತಿಗೆ ತೆಗೆದು ದೇಶದ ನಕ್ಷೆ ಇಟ್ಟಿದ್ದಾರೆ. ಭೂಗೋಳ ಇದೆ, ಸೂರ್ಯ ಇದ್ದಾನೆ, ನಕ್ಷತ್ರವೂ ಇದೆ. ಲಾವೋಸ್ 1991ರಲ್ಲಿ ಕುಡುಗೋಲು ಸುತ್ತಿಗೆಯ ಜಾಗಕ್ಕೆ ತನ್ನ ಥಾಟ್ ಲುವಾಂಗ್ ಸ್ತೂಪ ಹಾಕಿಕೊಂಡಿತು.

ಇನ್ನು ತಾತನ ಜೇಬಿನ ವಿಷಯ. 1955 ಮತ್ತು 1961ರ ನಾಣ್ಯ ಒಟ್ಟಿಗೆ ಹೇಗೆ ಬಂದವು ಅಂತ ನೀವು ಕೇಳಿಲ್ಲ, ಆದರೆ ನನಗೆ ಅದೇ ರುಚಿ. 1961ರ ಜನವರಿಯಲ್ಲಿ ಸೋವಿಯತ್ ಸರ್ಕಾರ ಹಣ ಬದಲಾಯಿಸಿತು. ಹತ್ತು ಹಳೇ ರೂಬಲ್‌ಗೆ ಒಂದು ಹೊಸ ರೂಬಲ್. ಹಳೆಯ ನೋಟು, ದೊಡ್ಡ ನಾಣ್ಯ ಎಲ್ಲ ರದ್ದು. ಆದರೆ 1, 2, 3 ಕೊಪೆಕ್‌ನ ಹಳೇ ಚಿಲ್ಲರೆ ಬರೆದ ಬೆಲೆಗೇ ಚಲಾವಣೆಯಲ್ಲಿ ಉಳಿಯಿತು. ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟವರ ಹಣ ರಾತ್ರೋರಾತ್ರಿ ಹತ್ತು ಪಟ್ಟಾಯಿತು. ಹಾಗಾಗಿ 1961ರ ನಂತರ ಮಾಸ್ಕೋದಲ್ಲಿ ಯಾರದೇ ಜೇಬಿಗೆ ಕೈ ಹಾಕಿದರೂ 16 ಪಟ್ಟಿಯದ್ದೂ 15 ಪಟ್ಟಿಯದ್ದೂ ಒಟ್ಟಿಗೆ ಸಿಕ್ಕೀತು. ಎರಡಕ್ಕೂ ಒಂದೇ ಬೆಲೆ. ಬೀದಿಯ ಸೋಡಾ ಯಂತ್ರಕ್ಕೆ 3 ಕೊಪೆಕ್ ಹಾಕಿದರೆ ಶರಬತ್ತು ಬೆರೆಸಿದ ಸೋಡಾ, 1 ಕೊಪೆಕ್‌ಗೆ ಬರೀ ಸೋಡಾ. ಯಂತ್ರ ಪಟ್ಟಿ ಎಣಿಸುತ್ತಿರಲಿಲ್ಲ.

ಭಿಲಾಯಿಗೆ ಸೋವಿಯತ್ ಒಪ್ಪಂದ ಆದದ್ದು 1955ರಲ್ಲಿ, ಮೊದಲ ಊದುಕುಲುಮೆ ಶುರುವಾದದ್ದು 1959ರಲ್ಲಿ. ಅಲ್ಲಿನ ರಷ್ಯನ್ ಎಂಜಿನಿಯರುಗಳು ರಜೆಗೆ ಹೋಗಿ ಬಂದಾಗ ಜೇಬಿನಲ್ಲಿ ಉಳಿದ ಚಿಲ್ಲರೆ ಹೀಗೆ ಕೈ ಬದಲಾಯಿಸಿರಬಹುದು. ಅದು 1961ರ ಆಚೆಗೆ ಅನ್ನುವುದಂತೂ ನಾಣ್ಯವೇ ಹೇಳುತ್ತಿದೆ.

ಮಾರಿದರೆ ದೊಡ್ಡ ಮೊತ್ತ ಬರೋದಿಲ್ಲ, ಎರಡೂ ರಾಶಿ ರಾಶಿ ಹೊಡೆದ ನಾಣ್ಯ. ಮಗಳಿಗೆ ಇನ್ನೊಂದು ಆಟ ಹೇಳಿ. ಅಡುಗೆಮನೆಯಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ 1961ರದ್ದನ್ನು ತೂಗಲಿ. 3 ಗ್ರಾಂ ಆಸುಪಾಸು ತೋರಿಸಬೇಕು. ಆ ಸರಣಿಯಲ್ಲಿ 1 ಕೊಪೆಕ್ 1 ಗ್ರಾಂ, 2 ಕೊಪೆಕ್ 2 ಗ್ರಾಂ, 5 ಕೊಪೆಕ್ 5 ಗ್ರಾಂ. ಶಾಲೆಯ ಲ್ಯಾಬಿನಲ್ಲಿ ತೂಕದ ಬಟ್ಟಾಗಿಯೂ ಬಳಸಬಹುದಿತ್ತು.

ಒಂದು ವಿನಂತಿ ಮಾತ್ರ. ಹಬ್ಬಕ್ಕೆ ದೀಪದ ಕಂಬ ಬೆಳಗಿದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ನಾನು ಚಿಕ್ಕಂದಿನಲ್ಲಿ ಹಾಗೆ ಮಾಡಿ ಒಂದು 5 ಕೊಪೆಕ್ ಹಾಳು ಮಾಡಿಕೊಂಡಿದ್ದೇನೆ. ಫಳಫಳ ಹೊಳೆಯಿತು. ಕುಡುಗೋಲು ಸುತ್ತಿಗೆ ಗಟ್ಟಿಮುಟ್ಟಾಗಿ ಉಳಿದವು, ಪಟ್ಟಿಗಳು ಮಾತ್ರ ಎಣಿಸಲಾಗದಷ್ಟು ಸವೆದುಹೋದವು.